ವ್ರತದ ಚಾಪೆ

ಮೊದಲು ಕೈಕೊಟ್ಟದ್ದು ಮೂಗು.

ನಾನು ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಅಲ್ಲಿ ಕೆಲಸ ಮಾಡಿದವನಿಗೆ ಕಣ್ಣು ಮುಚ್ಚಿಕೊಂಡರೂ ಯಾವ ಮಾಲು ಎಲ್ಲಿ ಬಿದ್ದಿದೆ ಎಂದು ಗೊತ್ತಾಗುತ್ತದೆ. ಬಾಗಿಲ ಬಳಿ ಬೆಲ್ಲ, ನಡುವೆ ಕೊತ್ತಂಬರಿ ಬೀಜ, ಆಚೆ ತುದಿಗೆ ಒಣಮೆಣಸಿನಕಾಯಿ. ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೆಣಸಿನಕಾಯಿ ಚೀಲ ಒಡೆದು, ಹಮಾಲಿಗಳೆಲ್ಲ ಸೀನುತ್ತ ಕೆಮ್ಮುತ್ತ ಆಚೆಗೆ ಓಡಿದರು. ನಾನು ಚೀಲದ ಪಕ್ಕದಲ್ಲೇ ನಿಂತು ರಸೀದಿ ಬರೆಯುತ್ತಿದ್ದೆ. ನನಗೇನೂ ಅನ್ನಿಸಲಿಲ್ಲ. ಹಮಾಲಿಗಳ ಮೇಸ್ತ್ರಿ ಬಾಷಾ ಸಾಬರು ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಇಣುಕಿದರು.

"ಏನ್ ಸ್ವಾಮಿ, ಇವತ್ತು ಮೂಗು ಮನೇಲೇ ಬಿಟ್ಟು ಬಂದ್ರಾ?"

ನಕ್ಕೆ. ನೆಗಡಿ ಇರಬೇಕು ಅಂದುಕೊಂಡೆ. ಆ ನೆಗಡಿ ಹೋಗಲೇ ಇಲ್ಲ.

ಆಗ ನಾನು ಬ್ಲಡ್ ಪ್ರೆಷರಿಗೆ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿ ಸ್ವಲ್ಪ ಕಾಲವಾಗಿತ್ತು. ಅದಕ್ಕೆ ಮುಂಚೆ ನನ್ನ ಸಿಟ್ಟು ಯಲಹಂಕದಿಂದ ಯಶವಂತಪುರದವರೆಗೂ ಹೆಸರುವಾಸಿ. ಮಂಡಿ ವ್ಯಾಪಾರಿಗಳು ನನ್ನ ಮುಖ ನೋಡಿಕೊಂಡು ಬಾಯಿ ಬಿಡುತ್ತಿದ್ದರು. ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದದ್ದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಯುಗಾದಿಯ ದಿನ ಹಿತ್ತಲಲ್ಲಿ ತಲೆ ಸುತ್ತಿ ಕುಸಿದು ಕೂತಾಗ, ಹೆಂಡತಿ ಜಯಮ್ಮ ನನ್ನನ್ನು ಸಂತೆ ಬೀದಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಿಗೆ ವಯಸ್ಸಾಗಿದೆ. ನಮ್ಮಪ್ಪನನ್ನೂ ಅವರೇ ನೋಡಿದ್ದು. ಲಕ್ವ ಹೊಡೆದು ಅಪ್ಪನಿಗೆ ಒಂದು ಪಕ್ಕ ಬಿದ್ದುಹೋಗಿತ್ತು. ಮಾತಿಲ್ಲದೆ ಮಲಗಿ, ಹಾಗೆಯೇ ಹೋದ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಪಾದರಸ ಇಳಿಯುವುದನ್ನು ನೋಡುತ್ತ ಕೂತರು. ಅವರ ಹುಬ್ಬು ಮೇಲೇರಿತು.

"ನಿಮ್ಮಪ್ಪನ ದಾರೀನೇ ಹಿಡಿದಿದೀರಿ, ಚನ್ನಪ್ಪ. ಈ ಮಾತ್ರೆ ತಗೊಳ್ಳಿ. ಸರ್ಪಗಂಧಿ ಬೇರಿಂದ ತೆಗೆದಿದ್ದು. ಪ್ರೆಷರ್ ಇಳಿಯುತ್ತೆ, ತಲೇನೂ ತಣ್ಣಗಾಗುತ್ತೆ. ನಿಲ್ಲಿಸ್ಬೇಡಿ."

ತಲೆ ನಿಜವಾಗಿಯೂ ತಣ್ಣಗಾಯಿತು. ಎಷ್ಟು ತಣ್ಣಗೆಂದರೆ, ವ್ಯಾಪಾರಿಗಳು ಎದುರಿಗೆ ನಿಂತು ಕೂಗಾಡಿದರೂ ಅವರ ತುಟಿ ಅಲ್ಲಾಡುವುದನ್ನು ಸುಮ್ಮನೆ ನೋಡುತ್ತಿದ್ದೆ. ಸಾರು ಹೇಗಿದ್ದರೂ ಉಣ್ಣುತ್ತಿದ್ದೆ. ಹೇಗೂ ವಾಸನೆಯಿಲ್ಲ, ರುಚಿಯೂ ಅರ್ಧಂಬರ್ಧ. ಆ ತಿಂಗಳುಗಳೆಲ್ಲ ಈಗ ನೆನೆದರೆ ನೀರೊಳಗೆ ಮುಳುಗಿ ನೋಡಿದ ಹಾಗೆ ಕಾಣುತ್ತವೆ. ಎಲ್ಲವೂ ನಿಧಾನ, ಎಲ್ಲವೂ ದೂರ.

ಮತ್ತೆ ಕನಸುಗಳು. ಯಲಹಂಕದಿಂದ ಕೆಲಸಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಕಿಟಕಿಗೆ ತಲೆ ಕೊಟ್ಟರೆ ಸಾಕು, ಹೆಬ್ಬಾಳದ ಕಡೆಯ ಹೊಲಗಳು ಕಣ್ಣು ಮುಚ್ಚಿದ ಮೇಲೂ ಓಡುತ್ತಲೇ ಇರುತ್ತಿದ್ದವು. ಒಂದು ಕನಸು ಪದೇಪದೇ ಬರುತ್ತಿತ್ತು. ಅಲ್ಲಾಳಸಂದ್ರದ ಕೆರೆಯ ಮೇಲೆ ಗೂಡ್ಸ್ ಗಾಡಿಯ ವ್ಯಾಗನ್ನುಗಳು ಸಾಲಾಗಿ ತೇಲುತ್ತಿವೆ, ಸದ್ದೇ ಇಲ್ಲ. ದಂಡೆಯ ಮೇಲೆ ಅಪ್ಪ ಹಸಿರು ಬಾವುಟ ಹಿಡಿದು ನಿಂತಿದ್ದಾನೆ. ನಾನು ಹತ್ತಬೇಕು. ಆದರೆ ಯಾವ ವ್ಯಾಗನ್ನಿಗೂ ಬಾಗಿಲಿಲ್ಲ. ಯಶವಂತಪುರ ಬಂದಾಗ ಎಚ್ಚರವಾಗುತ್ತಿತ್ತು, ಕೆನ್ನೆ ಒದ್ದೆಯಾಗಿರುತ್ತಿತ್ತು. ದುಃಖ ಯಾಕೆಂದು ತಿಳಿಯುತ್ತಿರಲಿಲ್ಲ.

ಇಷ್ಟನ್ನು ಯಾರಿಗೆ ಬೇಕಾದರೂ ಹೇಳಬಹುದು. ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಮಳೆಗಾಲ ಶುರುವಾದ ಒಂದು ಭಾನುವಾರ ಮಧ್ಯಾಹ್ನ ಅವ್ವ ನಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬ್ಯಾಟರಾಯನಪುರದ ನನ್ನ ತಂಗಿಯ ಮನೆಗೆ ಹೋಗಿದ್ದಳು. ಮನೆಯಲ್ಲಿ ನಾನು, ಜಯಮ್ಮ ಇಬ್ಬರೇ. ನಮ್ಮಂಥ ಸಣ್ಣ ಮನೆಯವರಿಗೆ ಇಂಥ ಮಧ್ಯಾಹ್ನ ಅಪರೂಪ. ಅವಳು ಅಗುಳಿ ಹಾಕಿ ಬಂದಳು, ನಗುತ್ತಿದ್ದಳು. ನನಗೂ ಮನಸ್ಸಿತ್ತು. ದೇಹ ಮಾತ್ರ ಯಾರದೋ ಆಗಿತ್ತು. ಕರೆದೆ, ಅದು ಏಳಲಿಲ್ಲ.

ಏನು ಮಾಡಿದರೂ ಏಳಲಿಲ್ಲ.

"ಬಿಡಿ ರೀ. ದಣಿದಿದೀರಿ," ಅಂದಳು ಜಯಮ್ಮ. ನನ್ನ ತಲೆ ಸವರಿದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮತ್ತೊಂದು ಸಲವೂ ಅದೇ. ಮಗದೊಂದು ಸಲವೂ ಅದೇ. ಆಮೇಲೆ ಅವಳು ಪಕ್ಕದಲ್ಲಿ ಬಂದು ಮಲಗಿದರೇ ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ನಲವತ್ತು ತುಂಬದ ಗಂಡಸು ನಾನು. ಅವಳಿಗೆ ಇನ್ನೂ ಮೂವತ್ತು. ಇವಳು ಏನೆಂದುಕೊಳ್ಳುತ್ತಾಳೆ, ಎಷ್ಟು ದಿನ ಸುಮ್ಮನಿರುತ್ತಾಳೆ, ಯಾರಿಗಾದರೂ ಹೇಳಿಬಿಟ್ಟರೆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಈ ಮೂರು ಪ್ರಶ್ನೆಗಳೇ ನನ್ನನ್ನು ತಿನ್ನುತ್ತಿದ್ದವು. ಡಾಕ್ಟರ ಹತ್ತಿರ ಹೋಗಿ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ತಲೆನೋವಿಗೆ ಡಾಕ್ಟರು, ಜ್ವರಕ್ಕೆ ಡಾಕ್ಟರು. ಇದನ್ನು ಕಾಯಿಲೆ ಅಂತ ಯಾರು ತಾನೆ ತಿಳಿದಿದ್ದರು?

ಒಂದು ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಅವ್ವನ ಎದುರಿಗೆ ಹೇಳಿದೆ. "ನಾನು ಸೋಮವಾರ ಹಿಡಿದಿದೀನಿ. ಒಪ್ಪತ್ತು ಊಟ. ದೇವರ ಮುಂದೆ ಚಾಪೆ."

ಅವ್ವನ ಮುಖ ಅರಳಿತು. ಹಬ್ಬದ ದಿನವೂ ಗುಡಿಯ ಹೊರಗೆ ನಿಂತು ಬೀಡಿ ಸೇದುತ್ತಿದ್ದ ಮಗ! ಜಯಮ್ಮ ನಡುಮನೆಯಲ್ಲಿ ದೇವರ ಗೂಡಿನ ಕೆಳಗೆ ಹೊಸ ಚಾಪೆ ಹಾಸಿಕೊಟ್ಟಳು.

ವ್ರತದಲ್ಲಿರುವ ಗಂಡ ಹೆಂಡತಿಯ ಪಕ್ಕ ಮಲಗುವ ಹಾಗಿಲ್ಲ. ಯಾಕೆ ಎಂದು ಕೇಳುವವರಿಲ್ಲ, ಕೇಳಿದರೆ ಪಾಪ. ಅಂದು ಆ ಚಾಪೆಯ ಮೇಲೆ ಎಷ್ಟು ನಿರಾಳವಾಗಿ ಮಲಗಿದೆನೆಂದರೆ, ಮುಂದಿನ ವಾರವೇ ಶನಿವಾರವನ್ನೂ ಹಿಡಿದೆ. ಶ್ರಾವಣ ಬಂತು, ತಿಂಗಳು ಪೂರ್ತಿ ಹಿಡಿದೆ. ಮಹಾಲಯ, ನವರಾತ್ರಿ, ಕಾರ್ತಿಕ. ನಮ್ಮ ಪಂಚಾಂಗದಲ್ಲಿ ಹುಡುಕಿದವನಿಗೆ ಚಾಪೆಗೇನು ಕೊರತೆ!

ಊರು ನೋಡುತ್ತಿತ್ತು. ಮುಂಗೋಪಿ ಚನ್ನಪ್ಪ ಕೂಗಾಡುವುದನ್ನು ಬಿಟ್ಟಿದ್ದಾನೆ. ಬೀಡಿ ಬಿಟ್ಟಿದ್ದಾನೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಮಾತು ಮೆಲ್ಲಗೆ, ಹೆಜ್ಜೆ ಮೆಲ್ಲಗೆ. ಬೈದರೆ ಮುಗುಳ್ನಗುತ್ತಾನೆ. ವ್ರತದ ಮಹಿಮೆ ಅಂದರು. ಪಕ್ಕದ ಮನೆಯವರು ಮಗುವಿಗೆ ಜ್ವರ ಬಂದರೆ ನನ್ನ ಕೈಯಲ್ಲಿ ವಿಭೂತಿ ಹಚ್ಚಿಸಿಕೊಂಡು ಹೋದರು. ಗೂಡ್ಸ್ ಶೆಡ್ಡಿನಲ್ಲಿ ವ್ಯಾಪಾರಿಗಳು ಚಪ್ಪಲಿ ಬಿಟ್ಟು ಮಾತಾಡತೊಡಗಿದರು. ಆ ಸಂತನನ್ನು ಮಾಡಿದ್ದು ಮಾತ್ರೆ ಎಂದು ಆಗ ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ದೇವರೇ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಡುತ್ತಿದ್ದಾನೇನೋ ಎಂದು ನಾನೂ ಅರೆನಿದ್ದೆಯಲ್ಲಿ ನಂಬಿಕೊಂಡಿದ್ದೆ.

ಪೂರ್ತಿ ನಂಬಿರಲಿಲ್ಲ ಅನ್ನುವುದಕ್ಕೆ ಲೇಹ್ಯವೇ ಸಾಕ್ಷಿ. ಗಾಂಧಿನಗರದ ಲಾಡ್ಜೊಂದಕ್ಕೆ ಆಗಾಗ ಬರುತ್ತಿದ್ದ ಒಬ್ಬ ವೈದ್ಯನ ಬಳಿ, ತಲೆಗೆ ಟವೆಲ್ ಹೊದ್ದುಕೊಂಡು ಹೋದೆ. ಅವನು ನಾಡಿ ಹಿಡಿದ, ಎಳೆಯ ವಯಸ್ಸಿನಲ್ಲಿ ಶಕ್ತಿ ಪೋಲು ಮಾಡಿದ್ದೀರಿ ಎಂದು ಗದರಿಸಿದ, ಡಬ್ಬಿ ತುಂಬ ಕಪ್ಪು ಲೇಹ್ಯ ಕೊಟ್ಟ. ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಲಿಲ್ಲ. ಡಬ್ಬಿಯನ್ನು ಇಡುವುದೆಲ್ಲಿ? ನನ್ನ ಮನೆಯಲ್ಲಿ ಈಗ ಯಾರೂ ಕೈಹಾಕದ ಜಾಗವೆಂದರೆ ದೇವರ ಗೂಡು. ಪಟದ ಹಿಂದೆ ಇಟ್ಟೆ. ದಿನಾ ಒಂದು ಚಮಚ ನೆಕ್ಕಿದೆ. ಏನೂ ಆಗಲಿಲ್ಲ.

ಜಯಮ್ಮ ಆ ದಿನಗಳಲ್ಲಿ ಹೂವಾಡಗಿತ್ತಿಯನ್ನು ಬಾಗಿಲಿಗೇ ಕರೆದು ಹೂವು ಕೊಳ್ಳುತ್ತಿದ್ದಳು. ದೇವರಿಗೆ ಇರಬೇಕು ಅಂದುಕೊಂಡು ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆ.

ಕಾರ್ತಿಕದ ಕೊನೆಗೆ ಬಾಗಲೂರಿನಿಂದ ಒಂದು ಜೋಡಿ ಬಂತು. ಗಂಡ ನಂಜಪ್ಪ, ದ್ರಾಕ್ಷಿ ತೋಟದವನು, ಗಟ್ಟಿ ಆಳು. ಹೆಂಡತಿ ಸೆರಗು ಹೊದ್ದು ಅವನ ಬೆನ್ನಿಗೆ ನಿಂತಿದ್ದಳು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲ. ಅವರನ್ನು ಕರೆಸಿದ್ದು ಅವ್ವ.

"ಸೋಮಿ, ನಿಮ್ ಕೈಯಾಗೆ ಒಂದು ದಾರ ಕಟ್ಸ್ಕೊಂಡ್ರೆ ಆಯ್ತದೆ ಅಂತ ಎಲ್ರೂ ಏಳ್ತಾ ಅವ್ರೆ," ಅಂದ ನಂಜಪ್ಪ. ದೊಡ್ಡ ಎರಡು ಕೈಗಳನ್ನು ನನ್ನ ಮುಂದೆ ಚಾಚಿದ. ಅವನ ಕಣ್ಣಲ್ಲಿ ನೀರಿತ್ತು.

ಅವ್ವ ಅರಿಸಿನದ ದಾರ ತಂದಳು. ಕಟ್ಟಿದೆ. ನನಗೆ ಇಲ್ಲದ್ದನ್ನು ನಾನು ಇವನಿಗೆ ಹರಸುತ್ತಿದ್ದೇನೆ. ಜೋರಾಗಿ ಅಳಬೇಕೆನ್ನಿಸಿತು. ಅಷ್ಟರಲ್ಲಿ ಅವ್ವ ದೇವರ ಪಟದ ಹಿಂದಿನಿಂದ ನನ್ನ ಡಬ್ಬಿ ತೆಗೆದು, ಇಬ್ಬರ ಅಂಗೈಗೂ ಒಂದೊಂದು ಚಮಚ ಹಾಕಿದಳು. "ತಗೊಳ್ರಪ್ಪ, ಪ್ರಸಾದ. ನನ್ ಮಗ ದಿನಾ ಇದನ್ನೇ ತಿನ್ನೋದು. ಈ ಬೀದೀಲಿ ಎಲ್ರಿಗೂ ಕೊಟ್ಟಿದೀನಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವರು ಹೋದರು. ಅವ್ವ ಅವರನ್ನು ಬಸ್ಸಿಗೆ ಹತ್ತಿಸಲು ಹೊರಟಳು. ಜಯಮ್ಮ ಬಂದು ಚಾಪೆಯ ತುದಿಯಲ್ಲಿ ಕೂತಳು. ವ್ರತದ ಚಾಪೆ ಮುಟ್ಟಬಾರದು ಎಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಈ ವ್ರತ ದೇವರಿಗೆ ಮಾಡ್ತಿರೋದೋ, ನನಗೆ ಹೆದರ್ಕೊಂಡು ಮಾಡ್ತಿರೋದೋ?"

ನಾನು ಚಾಪೆಯ ಅಂಚಿನ ಎಳೆ ಕೀಳತೊಡಗಿದೆ.

"ನನ್ನ ಕಂಡ್ರೆ ಅಸಹ್ಯ ಆಗಿದ್ರೆ ಹೇಳ್ಬಿಡಿ. ಇನ್ಯಾರಾದ್ರೂ ಇದ್ರೂ ಹೇಳ್ಬಿಡಿ. ದೇವರನ್ನ ಮಾತ್ರ ಮಧ್ಯ ತರ್ಬೇಡಿ."

ಹೆದರಿದ್ದು ಒಂದಕ್ಕೆ, ಆದದ್ದು ಇನ್ನೊಂದು. ಇಷ್ಟು ತಿಂಗಳು ನಾನು ನನ್ನ ಮಾನ ಕಾಯುತ್ತಿದ್ದೆ, ಅವಳು ತನ್ನಲ್ಲಿ ಏನು ತಪ್ಪಿದೆ ಎಂದು ಹುಡುಕುತ್ತಿದ್ದಳು. ಲೇಹ್ಯವೊಂದನ್ನು ಬಿಟ್ಟು ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎದ್ದು ಮೂಗು ಒರೆಸಿಕೊಂಡು, "ನಾಳೆ ರಜಾ ಹಾಕಿ. ಡಾಕ್ಟರ ಹತ್ರ ಹೋಗೋಣ," ಅಂದಳು.

"ಅವರಿಗೆ ಹೇಗೆ ಹೇಳೋದು ಜಯಾ?"

"ನಿಮ್ಮಪ್ಪನ ಮೈ ತೊಳೆದು ಔಷಧಿ ಹಾಕಿದೋರು ಅವರು. ಅವರ ಹತ್ರ ನಾಚಿಕೆ ಎಂಥದು?"

ಡಾಕ್ಟರ ಮುಂದೆ ಮಳೆ ಬೆಳೆ ಎಂದು ಏನೇನೋ ಮಾತಾಡಿದೆ. ಕೊನೆಗೆ ಹೇಳಿದ್ದು ಅವಳೇ. ನೆಲ ನೋಡಿಕೊಂಡು, ಗಟ್ಟಿ ದನಿಯಲ್ಲಿ. "ಇವರಿಗೆ ಮಳೆಗಾಲದಿಂದ ಗಂಡಸ್ತನ ಇಲ್ದಂಗೆ ಆಗಿದೆ ಸಾರ್. ಅದಕ್ಕೆ ವ್ರತ ಹಿಡ್ಕೊಂಡು ಕೂತಿದಾರೆ."

ಡಾಕ್ಟರು ನಗಲಿಲ್ಲ. ಬಾಗಿಲು ಹಾಕಿ ಬಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಇದಕ್ಕೆ ಕಾರಣ ಒಂದೇ ಅಲ್ಲ ಕಣ್ರೀ. ಸಕ್ಕರೆ ಕಾಯಿಲೆ ಇರಬಹುದು. ನರದ ತೊಂದರೆ, ರಕ್ತನಾಳದ ತೊಂದರೆ ಇರಬಹುದು. ಕುಡಿತ ಇರಬಹುದು. ಬರೀ ಚಿಂತೆಯಿಂದಲೂ ಆಗುತ್ತೆ. ಒಂದು ಸಲ ಸೋತೋನು ಮುಂದಿನ ಸಲ ಆ ಹೆದರಿಕೇನ ಜೊತೇಲೇ ಕರ್ಕೊಂಡು ಹೋಗ್ತಾನೆ. ನೋಡೋಣ ಬನ್ನಿ."

ಮೂತ್ರ ಹಿಡಿದು ತರಲು ಹೇಳಿದರು. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣಕ್ಕೆ ಕೆಲವು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಸಕ್ಕರೆ ಇದ್ದರೆ ಬಣ್ಣ ಹಸಿರಿಗೆ, ಹಳದಿಗೆ, ಇಟ್ಟಿಗೆ ಕೆಂಪಿಗೆ ತಿರುಗುತ್ತದಂತೆ. ನಾವು ಮೂವರೂ ಆ ನೀಲಿಯನ್ನೇ ನೋಡುತ್ತ ನಿಂತೆವು. ಕುದಿಯಿತು. ನೀಲಿಯಾಗಿಯೇ ಉಳಿಯಿತು. ಮಂಡಿಗೆ ಸುತ್ತಿಗೆಯಿಂದ ತಟ್ಟಿದರು, ಕಾಲು ಎಗರಿತು. ಬೆಳಗಿನ ಜಾವ ಎಚ್ಚರವಾದಾಗ ದೇಹ ಹೇಗಿರುತ್ತದೆ ಎಂದು ಕೇಳಿದರು. ಆಗಲೂ ಹೀಗೇ ಸತ್ತಂತೆ ಇರುತ್ತದೆ ಎಂದೆ. ಬೇರೆ ಏನು ತೊಂದರೆ ಎಂದು ಕೇಳಿದರು. ಮುಚ್ಚಿದ ಮೂಗಿನ ಬಗ್ಗೆ ಹೇಳಿದೆ. ತೇಲುವ ವ್ಯಾಗನ್ನುಗಳ ಬಗ್ಗೆ, ಅಪ್ಪನ ಬಗ್ಗೆ, ಕಾರಣವಿಲ್ಲದ ಅಳುವಿನ ಬಗ್ಗೆ ಹೇಳಿದೆ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾತ್ರೆ ಕೊಟ್ಟೋನು ನಾನೇ."

ಆ ಬೇರಿನ ಮಾತ್ರೆ ಪ್ರೆಷರ್ ಇಳಿಸುತ್ತದೆ. ಆದರೆ ಕೆಲವರಲ್ಲಿ ಮೂಗು ಕಟ್ಟಿಸುತ್ತದೆ, ವಿಪರೀತ ಕನಸು ತರಿಸುತ್ತದೆ, ಮನಸ್ಸನ್ನು ಮಂಕು ಮಾಡುತ್ತದೆ, ಗಂಡಸಿನ ಶಕ್ತಿಯನ್ನೂ ಮಲಗಿಸಿಬಿಡುತ್ತದೆ ಎಂದು ವಿವರಿಸಿದರು. "ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ. ಊರೆಲ್ಲ ನಿಮ್ಮನ್ನ ಶಾಂತಮೂರ್ತಿ ಅಂತ ಹೊಗಳೋವಾಗ ನಾನೂ ಔಷಧಿ ಚೆನ್ನಾಗಿ ಹಿಡೀತು ಅಂತ ಖುಷಿಪಟ್ಟೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಮಾತ್ರೆ ಇನ್ನೂ ಮೈಯಲ್ಲಿತ್ತಲ್ಲ. ಆದರೆ ಎದೆಯಿಂದ ಏನೋ ದೊಡ್ಡ ಮೂಟೆ ಇಳಿಯಿತು. ಇದು ಶಾಪವಲ್ಲ, ಹಳೆಯ ಪಾಪವೂ ಅಲ್ಲ. ಒಂದು ಸಣ್ಣ ಬಿಳಿ ಮಾತ್ರೆ.

"ಇವತ್ತೇ ನಿಲ್ಲಿಸ್ಬಿಡ್ಲಾ ಸಾರ್?"

"ಖಂಡಿತ ಬೇಡ. ನೀವೇ ನಿಲ್ಲಿಸಿದ್ರೆ ಪ್ರೆಷರ್ ಮತ್ತೆ ಏರುತ್ತೆ, ನಿಮ್ಮಪ್ಪನ ಕಥೆ ಆಗುತ್ತೆ. ನಾನು ನಿಧಾನಕ್ಕೆ ಇಳಿಸ್ತೀನಿ. ಮೈಯಿಂದ ಉಪ್ಪು ನೀರು ತೆಗೆಯೋ ಬೇರೆ ಮಾತ್ರೆ ಬಂದಿದೆ, ಅದನ್ನ ಸೇರಿಸ್ತೀನಿ. ಉಪ್ಪಿನಕಾಯಿ, ಹಪ್ಪಳ ಬಂದ್. ದಿನಾ ನಡೀಬೇಕು. ವಾರ ವಾರ ಬಂದು ತೋರಿಸ್ಬೇಕು. ಮತ್ತೆ ಆ ಚಾಪೆ ಬಿಡಿ, ಹೆಂಡತಿ ಪಕ್ಕ ಸುಮ್ನೆ ಮಲಗಿ. ಪರೀಕ್ಷೆಗೆ ಕೂತೋನ ಥರ ಇರ್ಬೇಡಿ." ಸ್ವಲ್ಪ ತಡೆದು ಜಯಮ್ಮನ ಕಡೆ ತಿರುಗಿದರು. "ಒಂದು ವಿಷಯ ತಾಯಿ. ಔಷಧಿ ಇಳಿದ ಹಾಗೆ ಆ ಹಳೇ ಸಿಟ್ಟಿನ ಮನುಷ್ಯ ವಾಪಸ್ ಬರಬಹುದು. ಪರವಾಗಿಲ್ವಾ?"

"ಬರ್ಲಿ ಬಿಡಿ ಸಾರ್," ಅಂದಳು ಜಯಮ್ಮ. "ನಮ್ಮಪ್ಪ ನೋಡಿ ಕೊಟ್ಟಿದ್ದು ಆ ಮನುಷ್ಯನ್ನೇ."

ಲೇಹ್ಯದ ವಿಷಯವನ್ನೂ ಹೇಳಿದೆ. ಏನು ಭಸ್ಮ ಸುರಿದಿರುತ್ತಾರೋ, ಎಸೆಯಿರಿ ಅಂದರು. ಜಯಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಆ ಡಬ್ಬೀನಾ! ಎಸೆಯೋಕೆ ಏನಿದೆ ಸಾರ್, ಅತ್ತೆ ಬೀದಿಗೆಲ್ಲ ಹಂಚಿ ಮುಗಿಸಿದಾರೆ." ಆಗ ಡಾಕ್ಟರು ನಕ್ಕರು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ.

ಆದರೂ ಚಾಪೆ ಬಿಡಲು ನನಗೆ ಧೈರ್ಯ ಬರಲಿಲ್ಲ. ಮೊದಲು ಗುಣವಾಗಲಿ, ಆಮೇಲೆ ಎಂದೆ. ಅವಳು ಒತ್ತಾಯ ಮಾಡಲಿಲ್ಲ.

ತಲೆಯೊಳಗಿನ ಮಂಜು ಒಂದೇ ಸಲಕ್ಕೆ ಕರಗಲಿಲ್ಲ. ಬೆಳಿಗ್ಗೆ ಯಲಹಂಕದ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಮೊದಮೊದಲು ಕಾಲು ಹತ್ತಿಯ ಮೇಲೆ ಇಟ್ಟಂತಿತ್ತು. ಪಾದರಸ ಒಂದು ವಾರ ಏರುತ್ತಿತ್ತು, ಒಂದು ವಾರ ಇಳಿಯುತ್ತಿತ್ತು. ಏರಿದ ದಿನ ಡಾಕ್ಟರು ಮಾತಾಡುತ್ತಿರಲಿಲ್ಲ, ನನಗೆ ಅಪ್ಪನ ಸೊಟ್ಟಗಾದ ಬಾಯಿ ಕಣ್ಣ ಮುಂದೆ ಬರುತ್ತಿತ್ತು. ಕನಸು ಮೆಲ್ಲಗೆ ತೆಳುವಾಯಿತು. ಒಂದು ದಿನ ರೈಲಿನಲ್ಲಿ ಮತ್ತೆ ಅದೇ ಕೆರೆ ಬಂತು, ಆದರೆ ದಂಡೆಯ ಮೇಲೆ ಅಪ್ಪ ಇರಲಿಲ್ಲ. ವ್ಯಾಗನ್ನುಗಳೂ ಇರಲಿಲ್ಲ. ಬರೀ ನೀರು, ಬಿಸಿಲು.

ಸಂಕ್ರಾಂತಿಯ ಆಸುಪಾಸಿನಲ್ಲಿ ಗೂಡ್ಸ್ ಶೆಡ್ಡಿನ ಆಚೆ ತುದಿಗೆ ಹೋದವನು ಸೀನಿದೆ. ಒಂದಲ್ಲ, ಸಾಲಾಗಿ. ಕಣ್ಣಲ್ಲಿ ಮೂಗಲ್ಲಿ ನೀರು.

"ಬಂತಾ ಸ್ವಾಮಿ, ಮೂಗು?" ಅಂದರು ಬಾಷಾ ಸಾಬರು.

ಅದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಂಜಪ್ಪ ಬಂದ. ತಲೆಯ ಮೇಲೆ ದ್ರಾಕ್ಷಿಯ ಬುಟ್ಟಿ. ಬುಟ್ಟಿ ಇಳಿಸಿದವನೇ ನನ್ನ ಕಾಲಿಗೆ ಬಿದ್ದ.

"ನಮ್ಮೋಳು ಬಸ್ರಿ ಆಗವ್ಳೆ ಸೋಮಿ! ಎಲ್ಲಾ ನಿಮ್ ಕೈಗುಣ, ನಿಮ್ ಪ್ರಸಾದ!"

ಬೀದಿಯವರು ಬಾಗಿಲಿಗೆ ಬಂದರು. ಅವ್ವ ಕೈಮುಗಿದು ನಿಂತಳು. ದಾರದಿಂದಲೋ, ಗಂಡಹೆಂಡಿರ ಅದೃಷ್ಟದಿಂದಲೋ, ನನಗೇನು ಗೊತ್ತು! ಅವನು ಕಾಲು ಬಿಡಲೇ ಇಲ್ಲ. ತಿಂಗಳುಗಳ ಮೇಲೆ ಮೊದಲ ಸಲ ನನಗೆ ಸಿಟ್ಟು ಬಂತು.

"ಏಳಯ್ಯಾ ಮೇಲೆ! ನಾನು ಸ್ವಾಮೀನೂ ಅಲ್ಲ, ಮಣ್ಣಾಂಗಟ್ಟೀನೂ ಅಲ್ಲ! ಮಗು ಆಗಿರೋದು ನಿನ್ನಿಂದ ಕಣಯ್ಯಾ! ಬಿಡ್ತೀಯೋ ಇಲ್ವೋ ಕಾಲನ್ನ?"

ಬೀದಿಯ ಆ ತುದಿಯವರೆಗೆ ಕೇಳಿಸಿರಬೇಕು. ನಂಜಪ್ಪ ಎದ್ದು, ಒಂಚೂರೂ ಬೇಸರವಿಲ್ಲದೆ, "ದೊಡ್ಡೋರು ಇಂಗೇ ಏಳೋದು ಬುಡಿ," ಎಂದು ಎಲ್ಲರಿಗೂ ದ್ರಾಕ್ಷಿ ಹಂಚಿದ.

ಜಯಮ್ಮ ಒಳಗಿಂದ ಓಡಿ ಬಂದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ನಗುತ್ತಿದ್ದಳು, ಕಣ್ಣಿಂದ ನೀರೂ ಇಳಿಯುತ್ತಿತ್ತು. "ಮೆಲ್ಲಗೆ ರೀ," ಅಂದಳು. "ಪ್ರೆಷರ್ ಏರುತ್ತೆ." ಆಮೇಲೆ ಹಿತ್ತಲಿಗೆ ಹೋಗಿ, ಬಿಸಿಲಿಗೆ ಹಾಕಿದ್ದ ನನ್ನ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಎಸೆದಳು. ಅವ್ವ ನೋಡಿದಳು. ದ್ರಾಕ್ಷಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಈಗ ಅರ್ಧ ಮಾತ್ರೆ ಮತ್ತು ಆ ಇನ್ನೊಂದು ಮಾತ್ರೆಯಲ್ಲಿ ದಿನ ಸಾಗುತ್ತಿದೆ. ಉಪ್ಪಿಲ್ಲದ ಸಾರನ್ನು ಬೈದುಕೊಂಡು ಉಣ್ಣುತ್ತೇನೆ. ಪಾದರಸ ಇನ್ನೂ ಪೂರ್ತಿ ನಂಬುವ ಹಾಗಿಲ್ಲ. ದೇಹವೂ ಅಷ್ಟೆ. ಕೆಲವು ಸಲ ಓಗೊಡುತ್ತದೆ, ಕೆಲವು ಸಲ ಇಲ್ಲ. ಇಲ್ಲವಾದ ದಿನ ನಾವು ಮಾತಾಡುತ್ತ ಮಲಗುತ್ತೇವೆ. ನನಗೆ ಮೊದಲಿನ ಹೆದರಿಕೆಯಿಲ್ಲ, ಅದು ನಿಜಕ್ಕೂ ದೊಡ್ಡ ಗುಣ.

ಚಾಪೆ ಅಟ್ಟಕ್ಕೆ ಹೋದ ದಿನದ ಒಂದು ಮಾತು ಹೇಳಿ ಮುಗಿಸುತ್ತೇನೆ. ಅಂದು ಮಧ್ಯಾಹ್ನ ಎಷ್ಟೋ ತಿಂಗಳ ಮೇಲೆ ಅವಳ ಪಕ್ಕದಲ್ಲಿ ಸುಮ್ಮನೆ ತಲೆಯಿಟ್ಟೆ. ಏನೋ ಹಸಿರು ಹಸಿರಾದ, ತಣ್ಣನೆಯ ಪರಿಮಳ. ಎಲ್ಲಿಂದ ಎಂದು ಹುಡುಕಿದೆ. ಅವಳ ಜಡೆಯಲ್ಲಿ ಕನಕಾಂಬರದ ಜೊತೆ ಮರುಗದ ಎಸಳು ಸೇರಿಸಿ ಕಟ್ಟಿದ ದಂಡೆ. ನಮ್ಮ ಮದುವೆಯ ಹೊಸದರಲ್ಲಿ ಮರುಗವೆಂದರೆ ಪ್ರಾಣ ಎಂದು ನಾನೇ ಅವಳಿಗೆ ಹೇಳಿದ್ದೆ.

"ಇದೇನು ಜಯಾ, ಹೊಸದಾಗಿ ಮರುಗ ಮುಡಿಯೋಕೆ ಶುರುಮಾಡಿದೀಯ?"

ಅವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು.

"ಹೊಸದೇನಲ್ಲ ರೀ. ಮಳೆಗಾಲದಿಂದ ದಿನಾ ಮುಡೀತಿದೀನಿ."